ಮೊದಲ ಟ್ರಿಪ್ಪಿಗೆ ಪಾಲಿಲ್ಲ

19 ನವೆಂಬರ್ 2007, ಸೋಮವಾರ

ಕೆಲಸ ಕೊಡುತ್ತೇನೆಂದು ಹೇಳಿ, ಕೆಲಸಕ್ಕೆ ಬರುವವನಿಂದಲೇ ಹಣ ಕೀಳುವುದು ಅನ್ಯಾಯ. ಇವತ್ತು ಆ ಅನ್ಯಾಯವನ್ನು ನನ್ನ ಕೈಯಿಂದಲೇ ಟೈಪ್ ಮಾಡಿದೆ. ಎರಡು ಸಾವಿರ ಪ್ರತಿ, ನೀಲಿ ಶಾಯಿ.

"ಹದಿನೆಂಟೇ ತಿಂಗಳಲ್ಲಿ ಪೈಲಟ್ ಆಗಿ. ವಿಮಾನ ಕಂಪನಿಯಲ್ಲಿ ಸೀಟು ಖಾತ್ರಿ." ಇಪ್ಪತ್ನಾಲ್ಕು ಲಕ್ಷ. ಮೊದಲ ಕಂತು ಡಿಸೆಂಬರ್ 15ರೊಳಗೆ, ವಿಮಾನದ ಮೆಟ್ಟಿಲು ಕೂಡ ಹತ್ತುವ ಮೊದಲು. ಟೈ ಕಟ್ಟಿಕೊಂಡು ಬಂದವನು ಪ್ರೂಫ್ ನೋಡಿ, "ಖಾತ್ರಿ ಅನ್ನೋದನ್ನ ಸ್ವಲ್ಪ ದಪ್ಪ ಮಾಡಿ ಮೇಡಂ" ಅಂದ. ಮಾಡಿಕೊಟ್ಟೆ. ಸುಜಯಣ್ಣನ ಪ್ರೆಸ್ಸು, ಸುಜಯಣ್ಣನ ಸಂಬಳ.

ಕಾರವಾರದ ಈ ಪ್ರೆಸ್ಸಿನಲ್ಲಿ ಮೂರು ವರ್ಷ. ಮೀನುಗಾರರ ಸಂಘ, ನಿರಾಶ್ರಿತರ ಹೋರಾಟ ಸಮಿತಿ, ಬಳಕೆದಾರರ ವೇದಿಕೆ — ಎಲ್ಲರ ಕರಪತ್ರ ಟೈಪ್ ಮಾಡುತ್ತಲೇ ಓದಿದ್ದು. ಕಾಲೇಜು ಕಲಿಸದ್ದನ್ನು ಅವು ಕಲಿಸಿದವು. ಕಲಿತು ಏನಾಯಿತು? ಖಾತ್ರಿಯನ್ನು ದಪ್ಪ ಮಾಡಿದೆ.

20 ನವೆಂಬರ್

ಇನ್ನೂ ಕೆಟ್ಟದ್ದು. ಅಚ್ಚು ಕೆಟ್ಟ ಹಾಳೆಗಳನ್ನು ದಿನಾ ಮನೆಗೆ ತರುತ್ತೇನೆ. ಅಂಕೋಲಾ ಪೇಟೆಯಲ್ಲಿ ಒಣಮೀನು ಮಾರುವ ಅಮ್ಮನಿಗೆ, ನಮ್ಮ ಆಯಿಗೆ, ಮೀನು ಕಟ್ಟಲಿಕ್ಕೆ ಬೇಕು. ನಿನ್ನೆಯೂ ಒಂದು ಕಟ್ಟು ತಂದೆ. ನೋಡದೆ. ಬೆಳಿಗ್ಗೆ ಎದ್ದರೆ ರೋಷನ ಅದನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಾನೆ.

ನನ್ನ ತಮ್ಮ. ಹತ್ತೊಂಬತ್ತು. ನೇವಿ ಹೆಲಿಕಾಪ್ಟರ್ ಸದ್ದು ಕೇಳಿದರೆ ಊಟದ ತಟ್ಟೆ ಬಿಟ್ಟು ಅಂಗಳಕ್ಕೆ ಓಡುವವನು. ಪೈಲಟ್ ಮೆಡಿಕಲ್ ಪಾಸಾಗಿದ್ದಾನೆ. ನಾವಿಬ್ಬರೂ ಕೂತು ಒಂದು ದಾರಿ ಹಾಕಿದ್ದೆವು — ಘಟ್ಟದ ಮೇಲಿನ ಫ್ಲೈಯಿಂಗ್ ಕ್ಲಬ್ಬು. ಗಂಟೆಯ ಲೆಕ್ಕದಲ್ಲಿ ಹಣ. ಆದಷ್ಟು ಹಾರುವುದು, ಇಲ್ಲದಾಗ ದುಡಿಯುವುದು. ಇನ್ನೂರು ಗಂಟೆಗೆ ಲೈಸೆನ್ಸು. ಆಮೇಲೆ ಬೇರೆಯವರಿಗೆ ಕಲಿಸುತ್ತ ಗಂಟೆ ಕೂಡಿಸುವುದು. ಆರೇಳು ವರ್ಷ ಆಗಲಿ. ಯಾರ ಹಂಗೂ ಇಲ್ಲ.

"ಅಕ್ಕಾ, ಹದಿನೆಂಟೇ ತಿಂಗಳು" ಅಂದ.

"ಅದನ್ನ ಟೈಪ್ ಮಾಡಿದ್ದೇ ನಾನು."

"ಹಂಗಾದ್ರೆ ಸುಳ್ಳು ಯಂತಕ್ಕೆ ಟೈಪ್ ಮಾಡ್ದೆ?"

ಪ್ರೆಸ್ಸಿಗೆ ಹೋಗುವ ಬಸ್ಸಿನಲ್ಲಿ, ಅವರ್ಸಾ ದಾಟಿದ ಮೇಲೆ ಹತ್ತು ಉತ್ತರ ಹೊಳೆದವು.

22 ನವೆಂಬರ್, ರಾತ್ರಿ ಊಟದ ನಂತರ

ಮಗನ ಕಂತು ಕಟ್ಟಲಿಕ್ಕೆ ಬಾಬಾ ಬೋಟಿನ ತಮ್ಮ ಅರ್ಧ ಪಾಲು ಮಾರುತ್ತಾರಂತೆ! ಇನ್ನರ್ಧದ ಪಾಲುದಾರ ದೇವಬಾಗದವನು, ಕೊಳ್ಳಲು ತುದಿಗಾಲಲ್ಲಿ ನಿಂತಿದ್ದಾನೆ. 15ಕ್ಕೆ ಸಹಿ. ಆಮೇಲೆ ಬಾಬಾ ಅದೇ ಬೋಟನ್ನು ಸಂಬಳಕ್ಕೆ ನಡೆಸುವ ತಾಂಡೇಲ.

ಬಿಡಲಿಲ್ಲ ನಾನು. "ಬಾಬಾ, ನೀವು ಹಣ ಕೊಟ್ಟು ತಾಂಡೇಲ ಆದ್ರ್ಯ? ಅಡುಗೆ ಮಾಡಿದ್ರಿ, ಬಲೆ ಎಳೆದ್ರಿ, ಹದಿನಾಲ್ಕು ವರ್ಷ ಆದ್ಮೇಲೆ ಚುಕ್ಕಾಣಿ ಕೈಗೆ ಬಂತು. ಅದಲ್ದಾ ಸರಿಯಾದ ದಾರಿ?"

ಬಾಬಾ ಮೀನಿನ ಮುಳ್ಳು ಬದಿಗಿಟ್ಟರು. "ಹದಿನಾಲ್ಕು ವರ್ಷ. ಹೌದು. ಅದೇ ಬೇಡ ಅಂತ ಮಾರೂದು."

ಆಯಿ ನನ್ನ ತಟ್ಟೆಗೆ ಮತ್ತೆ ಅನ್ನ ಬಡಿಸಿದಳು. ಬಾಯಿ ಮುಚ್ಚು ಅಂತ ಅರ್ಥ.

23 ನವೆಂಬರ್

ಕರಪತ್ರಕ್ಕೆ ಕರಪತ್ರವೇ ಉತ್ತರ. ಮಧ್ಯಾಹ್ನ ಸುಜಯಣ್ಣ ಊಟಕ್ಕೆ ಹೋದಾಗ ಬರೆದೆ, ಟೈಪ್ ಮಾಡಿದೆ, ಐನೂರು ಹೊಡೆದೆ. ಕೆಂಪು ಶಾಯಿ. "ಪಾಲಕರೇ, ಎಚ್ಚರ! ದುಡ್ಡಿಗೆ ಸೀಟು ಸಿಗುತ್ತದೆ, ಹಾರುವ ಕೈ ಸಿಗುವುದಿಲ್ಲ. ಗಂಟೆ ಗಂಟೆ ಕೂಡಿಸಿದವನೇ ಪೈಲಟ್. ನಿಧಾನವಾದರೂ ಗೆಲುವು ನಿಶ್ಚಿತ." ಟೈ ಕಟ್ಟಿದವನು ಪಾಲಕರಿಗೆ ಕರೆದ ಸಭೆಗೆ ಹೋಗಬೇಡಿ ಅಂತ ಆ ಸಭೆಯ ವಿವರ — ರವಿವಾರ, ಬೆಳಿಗ್ಗೆ ಹತ್ತೂವರೆ, ಸಭಾಂಗಣದ ಹೆಸರು, ಎರಡನೇ ಮಹಡಿ. ಕೆಳಗೆ ಪ್ರೆಸ್ಸಿನ ಹೆಸರು, ಫೋನ್ ನಂಬರ್ ಸಮೇತ. ಹೆಸರಿಲ್ಲದ ಕರಪತ್ರ ಹೇಡಿಗಳದ್ದು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಇನ್ನೂರು ಹಂಚಿದೆ.

25 ನವೆಂಬರ್, ರವಿವಾರ

ಹಾಲ್ ತುಂಬಿತ್ತು. ಕುರ್ಚಿ ಸಾಲದೆ ಕೆಳಗಿನ ಹೋಟೆಲಿನಿಂದ ತಂದರು.

ಬಾಗಿಲಲ್ಲಿ ಒಬ್ಬರು ಮಲ್ಲಾಪುರ ಕಾಲನಿಯಿಂದ ಬಂದವರು, ಕೈಯಲ್ಲಿ ನನ್ನ ಕೆಂಪು ಕರಪತ್ರ. "ಟೈಮು, ಜಾಗ ಎಲ್ಲ ಇದರಲ್ಲೇ ಸರಿಯಾಗಿ ಇತ್ತು. ನೀಲಿಯದರಲ್ಲಿ ಬರೀ 'ಕಾರವಾರ' ಅಂತ ಇತ್ತು ಮಾರಾಯ್ರೆ." ಅವರ ಹಿಂದೆ ಇನ್ನೂ ನಾಲ್ವರ ಕೈಯಲ್ಲಿ ಕೆಂಪು.

ಟೈನವನು ನನ್ನನ್ನು ನೋಡಿ ನಕ್ಕು ಕೈ ಮುಗಿದ. ರೋಷನ ಮುಂದಿನ ಸಾಲಿನಲ್ಲಿದ್ದ. ತಿರುಗಿ ನೋಡಲಿಲ್ಲ.

26 ನವೆಂಬರ್

ಸುಜಯಣ್ಣ: "ನನ್ನ ಗಿರಾಕಿ ಮೇಲೆ ನನ್ನ ಕಾಗದದಲ್ಲೇ ಯುದ್ಧವಾ?" ಕಾಗದದ ಹಣ ಸಂಬಳದಲ್ಲಿ ಮುರಿಯುತ್ತಾರೆ. ಉಳಿದ ಮುನ್ನೂರು ಪ್ರತಿ ಮೇಜಿನ ಮೇಲೆ ಒಗೆದರು. "ತಗೊಂಡು ಹೋಗಿ ಆಯಿಗೆ ಕೊಡು. ಬಂಗಡೆಯಾದ್ರೂ ಓದಲಿ."

ಕೊಟ್ಟೆ.

6 ಡಿಸೆಂಬರ್, ಗುರುವಾರ

ಹತ್ತು ದಿನ ಬರೆದಿಲ್ಲ. ರೋಷನ ನನ್ನ ಹತ್ತಿರ ಮಾತಾಡುವುದಿಲ್ಲ. ದೇವಬಾಗದ ಪಾಲುದಾರ ಎರಡು ಸಲ ಬಂದು ಎಂಜಿನ್ ಬಿಚ್ಚಿ ನೋಡಿ ಹೋದ. ಮದುಮಗಳನ್ನು ನೋಡಲು ಬಂದವರ ಹಾಗೆ. ಆಯಿ ಅವನಿಗೂ ಚಾ ಕೊಟ್ಟಳು.

ಇವತ್ತು ಪ್ರೆಸ್ಸಿಗೆ ಫೋನು. "ಈ ಕೆಂಪು ಕರಪತ್ರ ಬರೆದವರು ಯಾರು?" ಪೊಲೀಸ್ ಅಂದುಕೊಂಡೆ. ಎದೆಯುಬ್ಬಿಸಿ "ನಾನೇ" ಅಂದೆ.

"ನಾನು ದತ್ತಾ, ಅಂಕೋಲಾದವನು. ಘಟ್ಟದ ಮೇಲಿನ ಕ್ಲಬ್ಬಲ್ಲಿ ವಿಮಾನ ಕಲಿಸ್ತೇನೆ. ರಜೆಗೆ ಬಂದಿದ್ದೆ. ನಮ್ಮನೆಗೆ ಒಣ ಸಿಗಡಿ ಇದರಲ್ಲಿ ಬಂತು. ವಾಸನೆ ಬಿಟ್ರೆ ಬರವಣಿಗೆ ಅಡ್ಡಿಲ್ಲ."

ಸಿಕ್ಕಿತು! ನಿಧಾನದ ದಾರಿಯಲ್ಲಿ ನಡೆದ ಜೀವಂತ ಸಾಕ್ಷಿ. ಅವರನ್ನೇ ಮಾತಾಡಿಸಿ ಒಂದು ಸಭೆ ಮಾಡಬೇಕು.

9 ಡಿಸೆಂಬರ್, ರವಿವಾರ

ರೋಷನನನ್ನು ಅವರ ಮನೆಗೆ ಎಳೆದುಕೊಂಡೇ ಹೋದೆ. ದತ್ತಾ ಸರ್ ವಯಸ್ಸು ಮೂವತ್ತನಾಲ್ಕು. ಹಾರಿದ ಗಂಟೆ ಬರೆದಿಡುವ ಲಾಗ್‌ಬುಕ್ ತೆಗೆದು ತೋರಿಸಿದರು — ಹನ್ನೊಂದು ವರ್ಷ, ಸಾವಿರದ ಒಂಬೈನೂರು ಗಂಟೆ. ಪುಟದಿಂದ ಪುಟಕ್ಕೆ ಒಂದೇ ಕೈಯ ಅಕ್ಷರ. ನನಗೆ ಕಣ್ಣು ತುಂಬಿ ಬಂತು.

"ಈಗ ದೊಡ್ಡ ವಿಮಾನ ಹಾರಿಸ್ತೀರಾ ಸರ್?" ರೋಷನ ಕೇಳಿದ.

"ಇಲ್ಲ. ನಾ ಕಲಿಸಿದವರು ನಾಲ್ಕು ಜನ ಹಾರಿಸ್ತಾರೆ. ನನಗೆ ವಿಮಾನ ಕಂಪನಿಯವರು, ಜೆಟ್ ತರಬೇತಿ ಸ್ವಂತ ಖರ್ಚಲ್ಲಿ ಮುಗಿಸಿಕೊಂಡು ಬಾ ಅಂದ್ರು. ಅಷ್ಟು ದುಡ್ಡು ಎಲ್ಲಿಂದ ತರೂದು?"

ರೋಷನ ನನ್ನ ಮುಖ ನೋಡಿದ. ಆ ನೋಟ ನಾನು ಮರೆಯುವುದಿಲ್ಲ.

"ಆದ್ರೆ ಸರ್, ನೀವು ನಿಮ್ಮನ್ನ ಮಾರಿಕೊಳ್ಳಲಿಲ್ಲ!" ಅಂದೆ.

"ಹೋಗಿದ್ದೆ ಮಾರಾಯ್ತಿ. ಕೊಳ್ಳೋರಿರಲಿಲ್ಲ."

ಅವರ ಅಮ್ಮ ಒಳಗಿಂದ ನಕ್ಕರು. ನಾನು ಸಭೆಯ ವಿಷಯ ತೆಗೆದೆ. ಸರ್ ಒಪ್ಪಲಿಲ್ಲ. ಎಣ್ಣೆ ಹಿಡಿದ ಕೆಂಪು ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಒಂದು ಸಾಲಿನ ಮೇಲೆ ಬೆರಳಿಟ್ಟರು. 'ಗೆಲುವು ನಿಶ್ಚಿತ.'

"ಅವರು ಖಾತ್ರಿ ಅಂತಾರೆ, ನೀನು ನಿಶ್ಚಿತ ಅಂತೀಯ. ವಿಮಾನ ಹತ್ತದವರು ಇಬ್ಬರೂ."

ಆಮೇಲೆ ರೋಷನನ ಕಡೆ ತಿರುಗಿದರು. "ಆ ಕಂಪನಿ ಹತ್ರ ಎಷ್ಟು ವಿಮಾನ? ಎಷ್ಟು ಹುಡುಗ್ರು? ಕೇಳಿದ್ಯ?" ಇಲ್ಲ. "ಸಣ್ಣ ವಿಮಾನದಲ್ಲಿ ಒಮ್ಮೆಯಾದ್ರೂ ಕೂತಿದ್ಯ?" ಇಲ್ಲ. "ಹಂಗಾದ್ರೆ ನನ್ನ ಜೊತೆ ಬಾ. ಒಂದು ಗಂಟೆ. ಆ ಗಂಟೆಯ ದುಡ್ಡು ಮಾತ್ರ. ಇಳಿದ್ಮೇಲೆ ಎಲ್ಲಿ ಬೇಕಾದ್ರೂ ಸೇರು. ಬೇಡ ಅನಿಸಿದ್ರೆ ಬೇಡ."

ರಜೆ ಮುಗಿಸಿ ಅವರು ಮರಳುವುದು 15ಕ್ಕೆ. ಆವತ್ತೇ ಸಹಿ, ಆವತ್ತೇ ಕಂತಿನ ಕೊನೆಯ ದಿನ. ಬೇರೆ ದಿನವೇ ಸಿಗಲಿಲ್ಲವೇ ಇವರಿಗೆಲ್ಲ!

12 ಡಿಸೆಂಬರ್, ಬುಧವಾರ

ರೋಷನ ತಾನಾಗಿಯೇ ಕಂಪನಿಗೆ ಫೋನ್ ಮಾಡಿದ. ನಾನು ಹೇಳಿದ್ದಲ್ಲ. ಎಷ್ಟು ವಿಮಾನ? "ಬ್ರೋಷರಿನಲ್ಲಿದೆ." ಅದರಲ್ಲಿಲ್ಲ ಅಂದ ರೋಷನ. "ಕಂತು ಕಟ್ಟಿದ ಮೇಲೆ ಹೇಳ್ತೇವೆ." ಫೋನ್ ಇಟ್ಟ. ಆದರೂ ಅವನ ಹಟ ಬಿಡಲಿಲ್ಲ: "ಹದಿನೈದು ದಾಟಿದ್ರೆ ಸೀಟು ಹೋಗ್ತದೆ ಬಾಬಾ!"

ಬಾಬಾ ಅಂಗಳದಲ್ಲಿ ಬಲೆ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ಬೋಟಿನ ಕೆಲಸಕ್ಕೆ ಹೊಸ ಖಲಾಸಿ ಬಂದ್ರೆ ಯಂತ ಮಾಡ್ತೇವೆ?"

ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಮೊದಲ ಟ್ರಿಪ್ಪಿಗೆ ಪಾಲಿಲ್ಲ, ಬರೀ ಊಟ. ಅವನೂ ಮಾತು ಕೊಡುವುದಿಲ್ಲ, ಬೋಟಿನವರೂ ಕೊಡುವುದಿಲ್ಲ. ದಡಕ್ಕೆ ಬಂದ ಮೇಲೆ ತಾಂಡೇಲ ಒಂದೇ ಮಾತು ಕೇಳುತ್ತಾನೆ — ನಾಳೆ ಬರ್ತ್ಯ? ಅರ್ಧಕ್ಕರ್ಧ ಜನ ಬರುವುದಿಲ್ಲ.

"ಇಪ್ಪತ್ತೆಂಟು ವರ್ಷ ಸಮುದ್ರಕ್ಕೆ ಹೋದೆ. ಮೊದಲ ಟ್ರಿಪ್ಪಿಗೂ ಮುಂಚೆ ಬೋಟೇ ಬರೆದುಕೊಡು ಅಂದ ತಾಂಡೇಲನ್ನ ನೋಡ್ಲಿಲ್ಲ. ಸೀಟು ಹೋದ್ರೆ ಹೋಗ್ಲಿ. ಮೊದಲು ಒಂದು ಟ್ರಿಪ್ ಹೋಗಿ ಬಾ."

ರೋಷನ ಬಾಗಿಲು ಬಡಿದು ಒಳಗೆ ಹೋದ. ನಾನು "ಅದೇ ನಾನು ಹೇಳಿದ್ದು!" ಅಂದೆ.

"ನೀ ಹೇಳಿದ್ದು ಅದಲ್ಲ" ಅಂದರು ಬಾಬಾ. "ನೀ ಅವನ ಹದಿನಾಲ್ಕು ವರ್ಷವನ್ನೂ ಮೊದಲೇ ಬರೆದಿಟ್ಟಿದ್ದೆ."

ಸಿಟ್ಟು ಬಂತು. ಇನ್ನೂ ಇದೆ. ಮೂರು ಸಲ ಓದಿಕೊಂಡೆ ಆ ವಾಕ್ಯವನ್ನು. ತಪ್ಪು ಸಿಗುತ್ತಿಲ್ಲ.

13 ಡಿಸೆಂಬರ್, ಗುರುವಾರ, ಸಂಜೆ 7

ಬಾಬಾ ಪಾಲುದಾರನಿಗೆ ಹೇಳಿ ಕಳಿಸಿದರು — ಶನಿವಾರ ಸಹಿ ಇಲ್ಲ, ಮನೆಯಲ್ಲಿ ಇರುವುದಿಲ್ಲ. ರೋಷನ ಊಟ ಮಾಡಿದ. ಆಮೇಲೆ ಬಿಳಿ ಶರ್ಟು ಇಸ್ತ್ರಿ ಮಾಡಿದ. ಕಾಲರಿಗೆ ಎರಡು ಸಲ. ನೋಡದವಳ ಹಾಗೆ ಕೂತಿದ್ದೆ.

"ಅಕ್ಕಾ, ನೀನೂ ಬಾ" ಅಂದ. ಹದಿನೆಂಟು ದಿನದ ನಂತರ ಮೊದಲ ಮಾತು.

ದತ್ತಾ ಸರ್‌ಗೆ ಫೋನ್ ಮಾಡಿದೆ. ಹಿಂದೆ ಎರಡು ಸೀಟು ಇವೆಯಂತೆ. "ಬಾ, ಕರಪತ್ರ ತರಬೇಡ" ಅಂದರು. ಬಾಬಾ ಕೆಳಗೇ ನಿಲ್ಲುತ್ತಾರಂತೆ. ಇಳಿದ ಮೇಲೆ ಆ ಒಂದು ಮಾತು, 'ನಾಳೆ ಬರ್ತ್ಯ?', ಕೇಳುವುದು ಅವರೇ. ಅವನ ಉತ್ತರ ಏನೇ ಇರಲಿ, ನಾನು ನಡುವೆ ಬಾಯಿ ಹಾಕಬಾರದು ಅಂತ ಆಯಿ ನನ್ನಿಂದ ಆಣೆ ಹಾಕಿಸಿಕೊಂಡಳು.

ಹಾಕಿದೆ. ಆದರೆ ಅವನು ಬರುವುದಿಲ್ಲ ಅಂದುಬಿಟ್ಟರೆ... ಇಲ್ಲ, ಬರೆಯಬಾರದು.

ಶನಿವಾರ, ಬೆಳಿಗ್ಗೆ ಐದೂವರೆ, ಅಂಕೋಲಾ ಬಸ್ ಸ್ಟ್ಯಾಂಡ್, ಹುಬ್ಬಳ್ಳಿ ಬಸ್ಸು ನಿಲ್ಲುವಲ್ಲಿ ದತ್ತಾ ಸರ್ ಸಿಗುತ್ತಾರೆ.