ಅಧ್ಯಕ್ಷರ ಬಲಗಾಲಿನ ಮೇಲೊಂದು ದೂರು

ಮಕ್ಕಳ ಕರಾಟೆ ಪಂದ್ಯಾವಳಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಈ ಪತ್ರ ನಿಮ್ಮ ವಿರುದ್ಧ ಅಲ್ಲ, ನಿಮ್ಮ ಬಲಗಾಲಿನ ವಿರುದ್ಧ. ಕಳೆದ ಭಾನುವಾರದ ಅಂತಿಮ ಪಂದ್ಯದಲ್ಲಿ ನನ್ನ ಮೊಮ್ಮಗಳು ಸೋತದ್ದು ಎದುರಾಳಿಯಿಂದಲ್ಲ, ಆ ಕಾಲಿನಿಂದ. ಸೋಲನ್ನು ನಾವು ಹೇಗೋ ನುಂಗಿಕೊಳ್ಳುತ್ತಿದ್ದೆವು. ಆದರೆ ಆಮೇಲೆ ನೀವು ಮೈಕು ಹಿಡಿದು ಆ ಹನ್ನೊಂದು ವರ್ಷದ ಹುಡುಗಿಗೆ ‘ಅಶಿಸ್ತು’ ಎಂಬ ಪಟ್ಟ ಕಟ್ಟಿದಿರಲ್ಲ, ಅವಳ ಜೊತೆ ಕಲಿಯುವ ಮಕ್ಕಳ್ಯಾರೂ ಒಂದು ವರ್ಷ ಪಂದ್ಯಾವಳಿಯ ಹತ್ತಿರ ಸುಳಿಯಬಾರದು ಎಂದಿರಲ್ಲ, ಅದು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ. ಖುದ್ದಾಗಿ ಹೇಳೋಣವೆಂದರೆ ನಿಮ್ಮ ಕಚೇರಿಯಲ್ಲಿ ಕೇಳುವ ಕಿವಿ ಸಿಗಲಿಲ್ಲ. ಆದ್ದರಿಂದ ಊರಿಗೆಲ್ಲ ಕೇಳಿಸುವ ಹಾಗೆ ಹೇಳುತ್ತಿದ್ದೇನೆ.

ನನ್ನ ಪರಿಚಯ ನಿಮಗೆ ಇದೆ. ಅಂದು ಸಭಾಂಗಣದಲ್ಲಿ ನಿಮ್ಮ ಹತ್ತಿರ ಬಂದು ಮಾತಾಡಲು ಹೋಗಿ, ಇಬ್ಬರು ಸ್ವಯಂಸೇವಕರ ತೋಳುಗಳ ನಡುವೆ ಗೌರವಯುತವಾಗಿ ಹೊರಗೆ ಹೋದ ಮುದುಕ ನಾನೇ. ನಾನು ಜಗಳಕ್ಕೆ ಬಂದಿರಲಿಲ್ಲ. ಹಿಟ್ಟಿನ ಗಿರಣಿ ನಡೆಸುವವನು, ನನ್ನ ದನಿಯೇ ಅಷ್ಟು. ನಮ್ಮ ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದ ಮನೆಯವರು ಏನಾಯಿತೆಂದು ಇಣುಕಿ ನೋಡುತ್ತಾರೆ. ನಾನು ನಿಮಗೆ ಹೇಳಿದ್ದು “ಸ್ವಾಮಿ, ಒಂದ್ನಿಮಿಷ ಕೇಳಿ” ಎಂದಷ್ಟೇ. ನೀವು ಏನೆಂದು ತಿಳಿದಿರೋ, ಕುರ್ಚಿಯ ಹಿಂದೆ ಸರಿದಿರಿ.

ಆ ಒಂದು ನಿಮಿಷದಲ್ಲಿ ಹೇಳಬೇಕಾಗಿದ್ದನ್ನು ಈಗ ಕೇಳಿ. ನಮ್ಮ ಮಕ್ಕಳ ಕರಾಟೆ ತರಗತಿ ನಡೆಯುವುದು ನನ್ನ ಗಿರಣಿಯ ಅಟ್ಟದ ಮೇಲೆ. ಹಗಲು ವೈರಿಂಗ್ ಕೆಲಸ ಮಾಡುವ ಮೇಷ್ಟ್ರು ಸಂಜೆ ಅಲ್ಲಿ ಪಾಠ ಮಾಡುತ್ತಾರೆ. ಸಂಜೆ ಎಂದರೆ ಗಿರಣಿಗೆ ಜನ ಮುಗಿಬೀಳುವ ಹೊತ್ತು. ಕೆಳಗೆ ಯಂತ್ರ ತಿರುಗತೊಡಗಿದರೆ ಮೇಲೆ ಮೇಷ್ಟ್ರು ಬಾಯಿ ಬಡಿದುಕೊಂಡರೂ ಮಕ್ಕಳಿಗೆ ಕಾಣುವುದು ಅವರ ಹಲ್ಲು ಮಾತ್ರ. ಮೊದಮೊದಲು ಅವರು ಸೀಟಿ ತಂದರು, ಕೇಳಲಿಲ್ಲ. ತಟ್ಟೆ ಬಡಿದರು, ಅದೂ ಕೇಳಲಿಲ್ಲ. ಕೊನೆಗೊಂದು ದಿನ ರೇಗಿ ಹಲಗೆ ನೆಲಕ್ಕೆ ಹಿಮ್ಮಡಿಯಿಂದ ಗುದ್ದಿದರು. ಮಕ್ಕಳೆಲ್ಲ ತಟಕ್ಕನೆ ನಿಂತರು. ಅಂದಿನಿಂದ ನಮ್ಮಲ್ಲಿ ಅದೇ ಪದ್ಧತಿ. ಒಂದು ಗುದ್ದು ಬಿದ್ದರೆ ಶುರು, ಇನ್ನೊಂದು ಬಿದ್ದರೆ ನಿಲ್ಲಬೇಕು, ನೆಟ್ಟಗಾಗಬೇಕು, ಬಾಗಿ ವಂದಿಸಬೇಕು. ಮಕ್ಕಳ ಕಾಲಿನ ದಡಬಡಕ್ಕೂ ದೊಡ್ಡವರ ಹಿಮ್ಮಡಿಗೂ ಇರುವ ವ್ಯತ್ಯಾಸ ಆ ಪುಟ್ಟ ಪಾದಗಳಿಗೆ ಚೆನ್ನಾಗಿ ಗೊತ್ತು.

ಇದು ಸರಿಯಾದ ಪದ್ಧತಿಯೇ ಎಂದು ನೀವು ಕೇಳಬಹುದು. ಅಲ್ಲವೇ ಅಲ್ಲ. ಮೇಷ್ಟ್ರಿಗೂ ಅದು ಗೊತ್ತಿತ್ತು. ಪಂದ್ಯಾವಳಿಗೆ ಹೊರಡುವಾಗಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, “ಅಲ್ಲಿ ಕಾಲಲ್ಲಿ ಹೇಳಲ್ಲ, ಬಾಯಲ್ಲಿ ಹೇಳ್ತಾರೆ. ಕಿವಿ ತೆರೆದಿಟ್ಕೊಳ್ಳಿ” ಎಂದು ಪದೇ ಪದೇ ಹೇಳಿದ್ದರು. ನನ್ನ ಮೊಮ್ಮಗಳು ತೆರೆದಿಟ್ಟುಕೊಂಡೇ ಇದ್ದಳು. ಅವಳನ್ನು ಮನೆಯಲ್ಲಿ ಕಡ್ಡಿ ಎಂದು ಕರೆಯುತ್ತೇವೆ, ಆಕಾರಕ್ಕೆ ತಕ್ಕ ಹೆಸರು. ಈ ಕಡ್ಡಿ ಬೆಳಗಿನ ಪಂದ್ಯಗಳನ್ನೆಲ್ಲ ತೀರ್ಪುಗಾರರ ಬಾಯಿಮಾತು ಕೇಳಿಯೇ ಗೆದ್ದಳು. ಆದರೆ ಅಂತಿಮ ಪಂದ್ಯದ ಹೊತ್ತಿಗೆ ಆಗಿದ್ದೇನು? ಸಭಾಂಗಣದಲ್ಲಿದ್ದ ಅಪ್ಪ ಅಮ್ಮಂದಿರೆಲ್ಲ ಎದ್ದು ನಿಂತು ಕಿರುಚತೊಡಗಿದರು. ಒಬ್ಬ ತಾಯಿಯಂತೂ “ಒದಿ ಚಿನ್ನಾ, ಒದಿ” ಎಂದು ಎಷ್ಟು ಅಕ್ಕರೆಯಿಂದ ಕೂಗುತ್ತಿದ್ದರೆಂದರೆ ನನಗೇ ಯಾರನ್ನಾದರೂ ಒದೆಯಬೇಕೆನ್ನಿಸಿತು. ಗದ್ದಲ ನನ್ನ ಗಿರಣಿಯನ್ನು ಮೀರಿಸಿತ್ತು. ಅಷ್ಟು ಗದ್ದಲದಲ್ಲಿ ನಮ್ಮ ಮಕ್ಕಳ ಕಿವಿ ತಾನಾಗಿ ಮುಚ್ಚುತ್ತದೆ, ಪಾದ ತಾನಾಗಿ ಎಚ್ಚರವಾಗುತ್ತದೆ.

ಕಡ್ಡಿ ಒಂದು ಅಂಕ ಮುಂದಿದ್ದಳು. ಪಂದ್ಯ ಇನ್ನೇನು ಮುಗಿಯುವುದರಲ್ಲಿತ್ತು. ಅವಳ ಕಾಲು ಒದೆಯಲು ಮೇಲೆದ್ದಿತ್ತು. ಅದೇ ಹೊತ್ತಿಗೆ, ಬೆಳಗಿನ ಸ್ವಾಗತ ಭಾಷಣದಿಂದಲೂ ಒಂದೇ ಭಂಗಿಯಲ್ಲಿ ಕುಳಿತಿದ್ದ ತಮ್ಮ ಬಲಗಾಲಿಗೆ ಜೋಮು ಹಿಡಿಯಿತು. ತಾವು ಅದನ್ನು ಎತ್ತಿ, ಬೂಟಿನ ಹಿಮ್ಮಡಿಯಿಂದ ನೆಲಕ್ಕೆ ಧಡ್ಡೆಂದು ಗುದ್ದಿದಿರಿ. ನಿಮ್ಮ ಕುರ್ಚಿ ಇದ್ದದ್ದೂ ಮಕ್ಕಳು ಆಡುತ್ತಿದ್ದದ್ದೂ ಒಂದೇ ಹಲಗೆ ನೆಲದ ಮೇಲೆ. ಎತ್ತಿದ ಕಾಲನ್ನು ಗಾಳಿಯಲ್ಲೇ ತಡೆದು ಕೆಳಗಿಳಿಸಿದಳು ನನ್ನ ಹುಡುಗಿ. ನೆಟ್ಟಗೆ ನಿಂತಳು, ಬಾಗಿ ವಂದಿಸಿದಳು. ಎದುರಿನ ಎರಡು ಜಡೆಯ ಹುಡುಗಿ ಒದ್ದ ಕಾಲು ಬಂದು ಪಕ್ಕೆಗೆ ಬಿತ್ತು. ಎರಡು ಅಂಕ ಆ ಹುಡುಗಿಗೆ ಹೋಯಿತು, ಪಂದ್ಯ ಮುಗಿಯಿತು.

ಇದು ಮುದುಕನ ಕಟ್ಟುಕತೆ ಎನ್ನುತ್ತೀರಾ? ಹಾಗಾದರೆ ಅದೇ ಹಲಗೆ ನೆಲದ ಮೂಲೆಯಲ್ಲಿ ಕುಳಿತು ನೋಡುತ್ತಿದ್ದ ನಮ್ಮ ಉಳಿದ ಮಕ್ಕಳನ್ನು ನೆನಪಿಸಿಕೊಳ್ಳಿ. ನಿಮ್ಮ ಕಾಲು ನೆಲಕ್ಕೆ ಬಿದ್ದ ಕೂಡಲೇ ಅವರೂ ದಡಕ್ಕನೆ ಎದ್ದು, ಸಾಲಾಗಿ ನಿಂತು, ನೀವಿದ್ದ ದಿಕ್ಕಿಗೇ ಬಾಗಿ ವಂದಿಸಿದರು. ಒಬ್ಬನ ಬಾಯಲ್ಲಿ ಬಿಸ್ಕತ್ತಿತ್ತು, ಅವನು ಅದರ ಸಮೇತ ಬಾಗಿದ. ನೀವು ಅದನ್ನು ನೋಡಿದಿರಿ. ನಿಮಗೇ ಸಂದ ಗೌರವವೆಂದು ತಿಳಿದು, ಮುಗುಳ್ನಕ್ಕು, ಕೈ ಎತ್ತಿ ಆಶೀರ್ವಾದವನ್ನೂ ಮಾಡಿದಿರಿ. ಅಂದರೆ ಅದೇ ವಂದನೆ ಮೂಲೆಯಲ್ಲಿದ್ದವರು ಮಾಡಿದರೆ ಸಂಸ್ಕಾರ, ಅಂಕಣದಲ್ಲಿದ್ದವಳು ಮಾಡಿದರೆ ಅಶಿಸ್ತು. ಈ ಲೆಕ್ಕ ಯಾವ ಶಾಲೆಯಲ್ಲಿ ಕಲಿಸುತ್ತಾರೆ, ತಿಳಿಸುವಿರಾ?

ಮರುದಿನ ಕಚೇರಿಗೆ ಬಂದೆ. ನಿಮ್ಮ ಕಾರ್ಯದರ್ಶಿಗಳು ನಿಯಮಾವಳಿಯನ್ನು ತಿರುವಿ ಹಾಕಿದರು.

“ತೀರ್ಪುಗಾರರ ತಪ್ಪಾದ್ರೆ ಮೇಲ್ಮನವಿ ಇದೆ. ಆಟಗಾರರ ತಪ್ಪಾದ್ರೆ ದಂಡನೆ ಇದೆ. ಅಧ್ಯಕ್ಷರ ಕಾಲಿನ ಬಗ್ಗೆ ಇದ್ರಲ್ಲಿ ಏನೂ ಇಲ್ವಲ್ಲ ಯಜಮಾನ್ರೇ” ಎಂದರು.

“ಹಾಗಾದ್ರೆ ಸೇರಿಸಿ” ಎಂದೆ.

“ಮೆಲ್ಲಗೆ ಮಾತಾಡಿ” ಎಂದರು.

ನಾನು ಮೆಲ್ಲಗೇ ಮಾತಾಡಿದ್ದೆ. ನೀವು ಒಳಕೋಣೆಯಲ್ಲಿ ಇದ್ದಿರಿ ಎಂಬುದು ನನಗೆ ಗೊತ್ತಿತ್ತು. ನಿಮಗೂ ಕೇಳಿಸಿರುತ್ತದೆ.

ಅಧ್ಯಕ್ಷರೇ, ಕಾಲಿಗೆ ಜೋಮು ಹಿಡಿಯುವುದು ಯಾರ ಅಪರಾಧವೂ ಅಲ್ಲ. ನಿಮ್ಮ ಜಾಗದಲ್ಲಿ ಕುಳಿತು ಅಷ್ಟು ಭಾಷಣ ಕೇಳಿದ್ದರೆ ನನಗೆ ಮಿದುಳಿಗೇ ಜೋಮು ಹಿಡಿಯುತ್ತಿತ್ತು. ನನಗೆ ಹೊಟ್ಟೆ ಉರಿಯುವುದು ‘ಅಶಿಸ್ತು’ ಎಂಬ ಆ ಒಂದು ಪದಕ್ಕೆ. ನಮ್ಮ ಮೇಷ್ಟ್ರು ಮಾತು ಕಡಿಮೆ ಆಡುವವರು, ಆದರೆ ಹೊಸದಾಗಿ ಸೇರುವ ಪ್ರತಿ ಮಗುವಿಗೂ ಒಂದು ಮಾತು ತಪ್ಪದೆ ಹೇಳುತ್ತಾರೆ. “ಹೊಡೆಯೋದನ್ನ ಯಾರು ಬೇಕಾದ್ರೂ ಕಲೀತಾರೆ. ಎತ್ತಿದ ಕೈನ ನಿಲ್ಸೋದು ಕಲಿಯೋಕೇ ಇಲ್ಲಿಗೆ ಬರ್ಬೇಕು.” ಪದಕ ಕೈಗೆಟಕುವಷ್ಟು ಹತ್ತಿರ ಇರುವಾಗ ಆ ಮಗು ಅದನ್ನೇ ಮಾಡಿ ತೋರಿಸಿತು. ಜಾಗ ತಪ್ಪಿತು, ಒಪ್ಪಿಕೊಳ್ಳುತ್ತೇನೆ. ಆದರೆ ಶಿಸ್ತು ಎಂಬುದಕ್ಕೆ ಅದಕ್ಕಿಂತ ಬೇರೆ ಅರ್ಥ ನಿಮಗೆ ಗೊತ್ತಿದ್ದರೆ ನನಗೂ ಕಲಿಸಿ.

ಮೊನ್ನೆ ಆ ಎರಡು ಜಡೆಯ ಹುಡುಗಿ ತಾಯಿಯನ್ನು ಎಳೆದುಕೊಂಡು ಗಿರಣಿಗೆ ಬಂದಿದ್ದಳು. ಅಂದು “ಒದಿ ಚಿನ್ನಾ” ಎಂದು ಕೂಗಿದ ತಾಯಿ ಇವರೇ, ಹತ್ತಿರದಿಂದ ನೋಡಿದರೆ ಬಹಳ ಸಾಧು ಹೆಂಗಸು. ಹುಡುಗಿ ಕಡ್ಡಿಯ ಮುಂದೆ ನಿಂತು, “ನೀನು ನಿಂತಿದ್ದು ನಂಗೆ ಕಾಣ್ಸಿತ್ತು. ನನ್ ಕಾಲು ನಿಲ್ಲಲಿಲ್ಲ ಕಣೇ. ಇನ್ನೊಂದ್ಸಲ ಆಡೋಣ ಬರ್ತೀಯಾ?” ಎಂದಳು. ಕಡ್ಡಿ ಬೆನ್ನು ತಿರುಗಿಸಿ ಒಳಗೆ ಹೋದಳು. ಪಂದ್ಯದ ಸಂಜೆಯಿಂದ ಅವಳು ಅಟ್ಟ ಹತ್ತಿಲ್ಲ. ಮೇಷ್ಟ್ರು ಕರೆದರು, ಅವಳ ಅಜ್ಜಿ ಗದರಿದಳು, ನಾನು ಪೂಸಿ ಹೊಡೆದೆ. ಯಾವುದಕ್ಕೂ ಜಗ್ಗಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಪದಕ ಬೇಡ, ಅದು ಆ ಹುಡುಗಿಯ ಬಳಿಯೇ ಇರಲಿ. ಯಾವ ಮೈಕಿನಲ್ಲಿ ಆ ಪದವನ್ನು ಹೇಳಿದಿರೋ ಅದೇ ಮೈಕಿನಲ್ಲಿ ಅದನ್ನು ಹಿಂತೆಗೆದುಕೊಳ್ಳಿ. ಉಳಿದ ಮಕ್ಕಳ ಮೇಲಿನ ನಿಷೇಧ ತೆಗೆಯಿರಿ. ಇಬ್ಬರು ಹುಡುಗಿಯರೂ ಒಪ್ಪಿದರೆ ನಿಂತ ಜಾಗದಿಂದ ಪಂದ್ಯ ಆಡಿಸಿ. ಅಂದು ನಿಮ್ಮ ಕಾಲ ಕೆಳಗೆ ಹಾಸಲು ಎರಡು ಗೋಣಿಚೀಲ ನಾನೇ ತರುತ್ತೇನೆ, ಹಿಟ್ಟು ಒದರಿಯೇ ತರುತ್ತೇನೆ.

ಬೇಗ ಮಾಡಿ ಎಂದು ಕೇಳುವುದಕ್ಕೆ ಕಾರಣವಿದೆ. ನಿನ್ನೆ ಊಟಕ್ಕೆ ಕುಳಿತಾಗ ಕಡ್ಡಿ ನನ್ನನ್ನು ಕೇಳಿದಳು. “ತಾತಾ, ಇನ್ಮೇಲೆ ಯಾರಾದ್ರೂ ನಿಲ್ಲು ಅಂದ್ರೆ, ಮೊದ್ಲು ಹೊಡೆದು ಆಮೇಲೆ ನಿಲ್ಬೇಕು, ಅಲ್ವಾ?” ಹೌದೆಂದರೆ ಮೇಷ್ಟ್ರು ಕಲಿಸಿದ್ದೆಲ್ಲ ನೀರುಪಾಲು. ಅಲ್ಲವೆಂದರೆ, ಇಡೀ ಸಭಾಂಗಣದ ಮುಂದೆ ದೊಡ್ಡವರೊಬ್ಬರು ಹೇಳಿದ್ದು ತಪ್ಪೆಂದು ಅವಳು ನಂಬಬೇಕು, ನನ್ನ ಮಾತಿಗೆ ಅಷ್ಟು ತೂಕವಿಲ್ಲ. ಜೀವಮಾನವೆಲ್ಲ ಕೂಗಿ ಮಾತಾಡಿದ ನಾನು ಅವಳ ತಟ್ಟೆಗೆ ಇನ್ನೊಂದಿಷ್ಟು ಅನ್ನ ಬಡಿಸಿದೆ. ಅವಳು ತಟ್ಟೆ ಎತ್ತಿಕೊಂಡು ಎದ್ದು ಹೋದಳು. ನನಗೆ ಉತ್ತರ ಬರೆಯಬೇಡಿ ಅಧ್ಯಕ್ಷರೇ, ಅವಳಿಗೆ ಬರೆಯಿರಿ.

ಇಂತಿ,
ಜೋರು ದನಿ ಇದ್ದೂ ಮೊಮ್ಮಗಳ ಒಂದು ಪ್ರಶ್ನೆಗೆ ಉತ್ತರಿಸಲಾಗದ,
ಹಿಟ್ಟಿನ ಗಿರಣಿಯ ತಾತ