ಗೋಡೆಯಾಚೆ ನಿಂತ ತಂತಿ

ಮಂಗಳವಾರ, ಶಾಲೆ ಬಿಟ್ಟ ಮೇಲೆ

ಪ್ರೀತಿಯ ಚಿನ್ನಿ,

ನಿನ್ನ ಕಾಗದ ಬಂದು ವಾರವಾಯಿತು. ಅಮ್ಮನಿಗೆ ಮಂಡಿನೋವು ಹೆಚ್ಚಾಗಿ ಮೆಟ್ಟಿಲು ಇಳಿಯಲಾರಳು, ಅಕ್ಕನಾದವಳು ನೀನೂ ಬಂದು ನೋಡಿಕೊಳ್ಳಬಾರದೇ ಎಂದಿದ್ದೀಯ. ಅದು ಆಮೇಲೆ. ಮೊದಲು ಹೊಟ್ಟೆಯಲ್ಲಿರುವುದನ್ನು ಕಾರಿಕೊಂಡುಬಿಡುತ್ತೇನೆ.

ಹಳ್ಳಿಹಳ್ಳಿಗೂ ಇಂಟರ್ನೆಟ್ ಎಂಬ ನಿಮ್ಮ ಇಲಾಖೆಯ ಪಟ್ಟಿಯಲ್ಲಿ ನಮ್ಮೂರಿನ ಮುಂದೆ ‘ಸಂಪರ್ಕ ಪೂರ್ಣ’ ಎಂದಿದೆಯಲ್ಲ, ಬಂದು ನೋಡು ತಾಯಿ. ಶಾಲೆಯಲ್ಲಿ ನನ್ನ ಕುರ್ಚಿಯ ಹಿಂದಿನ ಗೋಡೆಯ ಮೇಲೊಂದು ಬಿಳಿ ಪೆಟ್ಟಿಗೆ. ಅದರ ತಂತಿ ಗೋಡೆಯ ತೂತಿನಿಂದ ಆಚೆ ಹೋಗಿ, ಚರಂಡಿಯ ಮೇಲೆ ಮೊಳದುದ್ದ ಜೋತುಬಿದ್ದು ಅಲ್ಲಿಗೇ ಮುಗಿಯುತ್ತದೆ. ಮುಖ್ಯರಸ್ತೆಯಿಂದ ಇಲ್ಲಿಯವರೆಗೆ ಒಂದು ಗುದ್ದಲಿ ಮಣ್ಣೂ ಅಗೆದಿಲ್ಲ. ಪೆಟ್ಟಿಗೆಯೊಳಗೆ ಹಲ್ಲಿ ಮೊಟ್ಟೆಯಿಟ್ಟಿದೆ. ಗುತ್ತಿಗೆದಾರ ಬ್ಯಾಟರಿ ತಂದು ಸಿಕ್ಕಿಸಿದ, ಹಸಿರು ದೀಪ ಹತ್ತಿತು, ಫೋಟೋ ತೆಗೆದ, ಬ್ಯಾಟರಿಯನ್ನು ಕಂಕುಳಲ್ಲಿಟ್ಟುಕೊಂಡು ಹೋದ. ತಂತಿಯ ಗತಿಯೇನಪ್ಪಾ ಎಂದು ಕೇಳಿದ್ದಕ್ಕೆ ಹಲ್ಲು ಕಿರಿದು, “ಫೋಟೋದಲ್ಲಿ ದೀಪ ಉರಿದ್ರೆ ಸಾಕು ಮೇಡಂ, ತಂತಿ ಯಾರು ನೋಡ್ತಾರೆ?” ಎಂದ. ಥೂ, ನೆನೆದರೆ ಈಗಲೂ ಅನ್ನ ಸೇರುವುದಿಲ್ಲ.

ಇಷ್ಟೇ ಆಗಿದ್ದರೆ ನಾಲ್ಕು ಜನರೆದುರು ಆಡಿಕೊಂಡು ಸುಮ್ಮನಾಗುತ್ತಿದ್ದೆ. ಕಲ್ಲು ಒಡೆಯುವವನ ಮಗಳು ಗಿಣಿಯ ಬಗ್ಗೆ ಬರೆದಿದ್ದೆನಲ್ಲ, ಗಣಿತದಲ್ಲಿ ನನ್ನನ್ನೇ ತಿದ್ದುವ ಬಾಯಿಬಡುಕಿ? ಪಟ್ಟಣದ ವಸತಿಶಾಲೆಗೆ ಅವಳ ಅರ್ಜಿ ಹಿಡಿದು ನಾನೇ ಹೋದೆ. ಗುಮಾಸ್ತ ತಲೆಯೆತ್ತಲೂ ಇಲ್ಲ. ಸಂಪರ್ಕವಿರುವ ಊರಿನವರು ತಮ್ಮ ಶಾಲೆಯ ಇಂಟರ್ನೆಟ್ಟಿನಿಂದಲೇ ಕಳಿಸಬೇಕು, ಕಾಗದ ತೆಗೆದುಕೊಳ್ಳುವಂತಿಲ್ಲ ಎಂದ. ಬೇಡಿಕೊಂಡೆ, ಜಗಳವಾಡಿದೆ. ಕಡೆಗೆ, ಸಂಪರ್ಕ ಬಂದಿದೆ ಎಂದು ಸಹಿ ಮಾಡಿಕೊಟ್ಟ ನಮ್ಮ ಶಾಲೆಯ ಒಪ್ಪಿಗೆಪತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ನನ್ನತ್ತ ತಿರುಗಿಸಿದ. ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ವಾಪಸು ಬಂದೆ.

ಗಡುವಿಗೆ ಇನ್ನು ಹತ್ತು ದಿನ. ಸೀಟು ಸಿಗದಿದ್ದರೆ ಅವಳನ್ನೂ ಕಲ್ಲಿನ ಕೆಲಸಕ್ಕೆ ಹಚ್ಚುತ್ತೇನೆ ಎಂದು ಅವಳಪ್ಪ ಹೇಳಿಹೋಗಿದ್ದಾನೆ. ಹುಡುಗಿ ದಿನಾ ಬಂದು ಪೆಟ್ಟಿಗೆಯ ಮುಂದೆ ನಿಲ್ಲುತ್ತಾಳೆ. ನಿನ್ನೆ, “ದೀಪ ಹತ್ತಿದ ದಿನ ನೀವೂ ಫೋಟೋದಲ್ಲಿ ನಿಂತಿದ್ರಲ್ಲ ಟೀಚರ್?” ಎಂದು ಕೇಳಿದಳು. ಪಾಠಕ್ಕೆ ಹೊತ್ತಾಯಿತೆಂದು ಗದರಿಸಿ ಕಳಿಸಿದೆ.

ಇಂಟರ್ನೆಟ್ ಬಂದಿಲ್ಲ, ಗಿಣಿಯ ಅರ್ಜಿ ಹೋಗುತ್ತಿಲ್ಲ ಎಂದು ಹಿಂದಿನ ಕಾಗದದಲ್ಲಿ ಎರಡು ಸಾಲು ಗೀಚಿದ್ದಕ್ಕೆ ನೀನು, ಒಪ್ಪಿಗೆಪತ್ರಕ್ಕೆ ಸಹಿ ಹಾಕಿದವರೇ ಅದು ಸುಳ್ಳೆಂದು ಬರೆದುಕೊಟ್ಟರೆ ಮಾತ್ರ ಊರನ್ನು ಪಟ್ಟಿಯಿಂದ ತೆಗೆಸಿ ಕಾಗದದ ಅರ್ಜಿ ಕೊಡಿಸಬಲ್ಲೆ, ಸಹಿ ಯಾರದು ಎಂದು ಕೇಳಿದ್ದೀಯ. ಇಲ್ಲಿ ಎಷ್ಟೋ ಜನ ಬರುತ್ತಾರೆ, ಹೋಗುತ್ತಾರೆ. ಹಳೆಯ ಕಡತ ಹುಡುಕಿ ನೋಡಬೇಕು.

ಅಮ್ಮನ ಮಂಡಿಗೆ ಬಿಸಿನೀರಿನ ಶಾಖ ಕೊಡುತ್ತಿರು.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದೇನಲ್ಲ. ಲಕೋಟೆ ಅಂಟಿಸಲು ಕೈ ಬರಲಿಲ್ಲ. ಆ ಸಹಿ ನನ್ನದೇ, ಚಿನ್ನಿ. ಗುತ್ತಿಗೆದಾರನ ಭಾವ ಶಿಕ್ಷಣ ಇಲಾಖೆಯಲ್ಲಿದ್ದಾನೆ. ಸಹಿ ಹಾಕಿದರೆ ಅವನಿಗೆ ಹೇಳಿ ನಿಮ್ಮೂರಿಗೆ ವರ್ಗ ಮಾಡಿಸುತ್ತೇನೆಂದ. ಅಮ್ಮ ಆ ಮೆಟ್ಟಿಲ ಮೇಲೆ ಕೂತಿರುವುದು ಕಣ್ಣಿಗೆ ಬಂತು, ಹಾಕಿಬಿಟ್ಟೆ. ಅವನ ಮುಖಕ್ಕಿಂತ ಈಗ ನನ್ನ ಕೈಬರಹ ಕಂಡರೇ ಹೇಸಿಗೆ. ವರ್ಗಾವಣೆ ಆದೇಶ ಮೊನ್ನೆ ಬಂತು. ಅದನ್ನೂ, ಸಹಿ ಸುಳ್ಳೆಂದು ಬರೆದ ಹೇಳಿಕೆಯನ್ನೂ, ಗಿಣಿಯ ಅರ್ಜಿಯನ್ನೂ ಇದರೊಳಗಿಟ್ಟಿದ್ದೇನೆ. ಮೂರನ್ನೂ ನಿನ್ನ ಸಾಹೇಬರ ಮೇಜಿನ ಮೇಲಿಡು. ನಾನು ಬರುತ್ತಿಲ್ಲವೆಂದು ಅಮ್ಮನಿಗೆ ನೀನೇ ಹೇಳು.