ಹೊಸ ಬ್ಯಾಂಕಿನ ಕಾರ್ಡು, ಹಳೆಯ ಮೈಲುಗಳು

ಬಾಳೂರು, ೧೪ ನವೆಂಬರ್ ೨೦೦೬, ಮಂಗಳವಾರ

ಮೈಲುಗಳು ಉಳಿದಿವೆ! ಇದನ್ನು ಬರೆಯದೆ ಮಲಗಲಾರೆ.

ವಿಮಾನ ಕಂಪನಿಯ ಹೆಸರು ಹೊತ್ತ ನನ್ನ ಕ್ರೆಡಿಟ್ ಕಾರ್ಡು ಈ ತಿಂಗಳು ಬೇರೆ ಬ್ಯಾಂಕಿನ ಪಾಲಾಯಿತು. ಹೊಸದು ಕೈಗೆ ಬಂದ ಕೂಡಲೇ ಹಳೆಯದನ್ನು ಕಾಫಿ ಗಿಡ ಸವರುವ ಕತ್ತರಿಯಿಂದ ತುಂಡರಿಸಿದೆ. ಆಮೇಲೆ ಹೆದರಿಕೆ ಹಿಡಿಯಿತು. ಕಾರ್ಡಿನಲ್ಲಿ ಖರ್ಚು ಮಾಡಿದಷ್ಟೂ ಜಮೆಯಾಗುವ, ಪುಕ್ಕಟೆ ವಿಮಾನ ಟಿಕೆಟ್ ಕೊಡಿಸುವ ಮೈಲುಗಳು; ವರ್ಷಗಟ್ಟಲೆ ಕೂಡಿಸಿದ ಅವೂ ಅದರ ಜೊತೆ ಹೋದವೇ? ಹೆಂಡತಿ ವಿಮಲಾಳನ್ನು ಮೊದಲ ಸಲ ವಿಮಾನ ಹತ್ತಿಸುತ್ತೇನೆಂದು ಹೇಳಿದ್ದು ಅವನ್ನೇ ನಂಬಿ.

ಅವು ನನ್ನೊಬ್ಬನವೂ ಅಲ್ಲ. ಸಂತೆಯ ದಿನ ಮೂಡಿಗೆರೆ ಬಂಕಿನಲ್ಲಿ ಸುತ್ತಲಿನ ತೋಟದವರೆಲ್ಲ ಜೀಪಿಗೆ ಡೀಸೆಲ್ ಹಾಕಿಸಿ, ನನ್ನ ಕಾರ್ಡು ಉಜ್ಜಿಸಿ, ನಗದನ್ನು ನನ್ನ ಕೈಗಿಡುತ್ತಿದ್ದರು.

ಬೆಳಿಗ್ಗೆ ವಿಮಾನ ಕಂಪನಿಗೆ ಫೋನ್ ಮಾಡಿದೆ. "ಬ್ಯಾಂಕ್ ಮಾತ್ರ ಬದಲಾಗಿದೆ ಸರ್. ಮೈಲುಗಳು ನಮ್ಮ ಹತ್ತಿರ ನಿಮ್ಮ ಹೆಸರಲ್ಲೇ ಇವೆ," ಎಂದಳು ಹುಡುಗಿ. ಮಂಗಳೂರಿನಿಂದ ಮುಂಬಯಿಗೆ ಎರಡು ಟಿಕೆಟ್ ಆಗಲೇ ಹೇಳಿಬಿಟ್ಟೆ. ನನ್ನ ದನಿ ನನಗೇ ಗುರುತಾಗಲಿಲ್ಲ.

ಸಂಜೆ ಬಂದ ಪಕ್ಕದ ತೋಟದ ಮಲ್ಲಿಕಾರ್ಜುನನಿಗೆ ಸುದ್ದಿ ಹೇಳಿದೆ. "ನಮ್ ಡೀಸೆಲಲ್ಲಿ ಹಾರ್ತೀಯಲ್ಲ ಮಾರಾಯ! ಒಂದು ರೆಕ್ಕೆ ನಂದು, ನೆನಪಿಟ್ಕೋ," ಎಂದ. ನಿಜವೇ. ಘಟ್ಟದ ತಿರುವುಗಳಲ್ಲಿ ಏದುಸಿರು ಬಿಟ್ಟ ಜೀಪುಗಳೆಲ್ಲ ಸೇರಿ ವಿಮಲಾಳನ್ನು ಮೇಲಕ್ಕೆತ್ತುತ್ತವೆ. ಇಂಥ ಒಂದು ಯೋಚನೆ ಈ ವಯಸ್ಸಿನಲ್ಲಿ ನನ್ನನ್ನು ಕುಣಿಸೀತೆಂದು ಎಣಿಸಿರಲಿಲ್ಲ.

ಊಟ ಬಡಿಸುತ್ತ ವಿಮಲಾ ಹೇಳಿದಳು: "ಕಿಟಕಿ ಪಕ್ಕ ನಾನೇ ಕೂರೋದು. ನಿಮಗೆ ಏನಾದ್ರೂ ನೋಡ್ಬೇಕಂದ್ರೆ ನನ್ ಮುಖ ನೋಡ್ಕೊಳ್ಳಿ."

ಆಗಲಿ ಎಂದೆ. ನನಗೆ ಬಿಟ್ಟ, ಅವಳ ಮುಖ ಕಾಣುವ ಸೀಟೇ ಕಿಟಕಿಗಿಂತ ಒಳ್ಳೆಯದೆಂದು ಅವಳಿಗೆ ಹೇಳಲಿಲ್ಲ.